ಹಲಗೆಯ ಮೇಲೆ ಒಂದು ಏಟು

ಆವತ್ತು ಮುಂಜಾನೆ ನನ್ನ ಗಂಡ ಒಂದು ಒಡೆದ ಬಾಳೆಹಣ್ಣು ತಿಂದರು. ಒಳ್ಳೆಯ ಹಣ್ಣನ್ನು ಅವರು ಎಂದೂ ತಿಂದವರಲ್ಲ. ಸಿಪ್ಪೆ ಬಿರಿದದ್ದು, ಇಲಿ ಮುಟ್ಟಿದ್ದು, ಗಿರಾಕಿ ಹಿಚುಕಿ ಬಿಟ್ಟುಹೋದದ್ದು, ಅದು ಅವರ ಪಾಲು. ತಿಂದು ಕೈ ತೊಳೆದರು. ನನ್ನ ಕೈ ನೋಡಿದರು. ಬಳೆ ತೆಗೆ ಎಂದರು.

ಅವರ ಹೆಸರು ಗುರುಲಿಂಗಪ್ಪ. ಬಾಯಿಂದ ಹೇಳುವ ರೂಢಿ ನನಗಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ. ಕಲಬುರ್ಗಿಯ ರೋಜಾ ಪೇಟೆಯಲ್ಲಿ, ದರ್ಗಾಕ್ಕೆ ಹೋಗುವ ದಾರಿಯ ಮೇಲೆ, ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತಿದ್ದರು. ಮುಂದೆ ಅಂಗಡಿ. ಹಿಂದೆ ಒಲೆ ಮತ್ತು ನಮ್ಮಿಬ್ಬರ ಹಾಸಿಗೆ. ಅದರ ಪಕ್ಕಕ್ಕೆ ಹಣ್ಣು ಮಾಗಿಸುವ ಕೋಣೆ, ಅದಕ್ಕೆ ಕಿಟಕಿಯಿಲ್ಲ. ನಮಗೆ ಮಕ್ಕಳಾಗಲಿಲ್ಲ.

ಗೊನೆಗಳು ಹಸಿಯಾಗಿ ಬರುತ್ತವೆ. ಕೋಣೆಯಲ್ಲಿ ಒಟ್ಟಿ, ಗಡಿಗೆಯಲ್ಲಿ ಹುಲ್ಲು, ಸಗಣಿಯ ಕುಳ್ಳು ಹೊತ್ತಿಸಿ, ಹೊಗೆಯನ್ನು ಒಳಗೆ ಊದಿ, ಬಾಗಿಲಿಗೆ ಮಣ್ಣು ಮೆತ್ತಬೇಕು. ಬೇರೆಯವರು ದಿನ ಎಣಿಸಿ ಬಾಗಿಲು ತೆಗೆಯುತ್ತಿದ್ದರು. ಇವರು ಬಾಗಿಲಿಗೆ ಕಿವಿ ಇಡುತ್ತಿದ್ದರು. ಕಾಯಿ ಉಸಿರಾಡುತ್ತದೆ, ಉಸಿರು ನಿಧಾನವಾದಾಗ ತೆಗೆಯಬೇಕು ಎನ್ನುತ್ತಿದ್ದರು. ನಾನು ಕಿವಿ ಇಟ್ಟರೆ ಏನೂ ಕೇಳುತ್ತಿರಲಿಲ್ಲ. ನಿನ್ನ ಕಿವಿಗೆ ಬರೀ ಬಳೆ ಸಪ್ಪಳ ಎಂದು ನಗುತ್ತಿದ್ದರು.

ಖರ್ಚಿನಲ್ಲಿ ಬಿಗಿ ಮನುಷ್ಯ. ಒಂದೇ ಧೋತರವನ್ನು ತಿರುವಿ ತಿರುವಿ ಉಡುತ್ತಿದ್ದರು. ಅತ್ತರಿಗೆ ಮಾತ್ರ ಕೈ ಬಿಚ್ಚುತ್ತಿದ್ದರು. ಗೋಡೆಯಾಚೆ ಮಕ್ಬೂಲನ ಅತ್ತರಿನ ಅಂಗಡಿ. ಶುಕ್ರವಾರ ಬಂತೆಂದರೆ ಅವನಿಂದ ಅತ್ತರಿನ ಹತ್ತಿ ತಂದು ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ವಿಭೂತಿ ಹಚ್ಚಿದ ಹಣೆ, ಅತ್ತರಿನ ಕಿವಿ. ನೋಡಿದವರು ಚೇಷ್ಟೆ ಮಾಡುತ್ತಿದ್ದರು. ದಿನವೆಲ್ಲ ಹೊಗೆಯಲ್ಲಿ ಇರುವವನಿಗೆ ಒಂದು ವಾಸನೆಯಾದರೂ ತನ್ನದು ಬೇಡವೇ ಎನ್ನುತ್ತಿದ್ದರು.

ಆ ವರ್ಷ ಜ್ವರ ಬಂತು. ಬೊಂಬಾಯಿಯ ಕಡೆಯಿಂದ ರೈಲಿನಲ್ಲಿ ಬಂತು ಎಂದರು. ಮುಂಜಾನೆ ಮೈ ಕಾದವನು ಮರುದಿನ ಇರುತ್ತಿರಲಿಲ್ಲ. ಮುಖ ನೀಲಿಯಾಗುತ್ತಿತ್ತು. ದರ್ಗಾಕ್ಕೆ ಪರವೂರ ಜನ ಬರುವುದು ನಿಂತಿತು. ಬಳೆಗಾರ ಮಲಾರ ಕಟ್ಟಿ ಊರಿಗೆ ಹೋದ. ಮಿಠಾಯಿಯವನ ಒಲೆಯಲ್ಲಿ ನಾಯಿ ಮಲಗಿತು. ಮಕ್ಬೂಲ ಅಂಗಡಿ ಮುಚ್ಚಿ ಒಳಗೆ ಸೇರಿದ. ನಡೆದ ವ್ಯಾಪಾರವೆಂದರೆ ಲೋಬಾನ, ಕರ್ಪೂರ, ಮೆಣಸು, ಹೆಣಕ್ಕೆ ಹೊದಿಸುವ ಬಿಳಿ ಕೋರಾ ಬಟ್ಟೆ. ಮದುವೆಗೆ ಚೌಕಾಸಿ ಮಾಡಿದ ಮನೆಯವರು ಕೋರಾ ಬಟ್ಟೆಗೆ ಚೌಕಾಸಿ ಮಾಡಲಿಲ್ಲ.

ಬಾಳೆಹಣ್ಣೂ ನಡೆಯಿತು. ತಿನ್ನುವುದಕ್ಕಲ್ಲ. ನಮ್ಮವರು ಸತ್ತವರ ಎಡೆಗೆ ಒಯ್ದರು, ಮುಸಲ್ಮಾನರು ಫಾತೇಹಾಕ್ಕೆ ಒಯ್ದರು.

ಉಸಿರು ಮಾತಿನ ಜೊತೆ ಬರುತ್ತದೆ, ರೋಗ ಉಸಿರಿನ ಜೊತೆ ಬರುತ್ತದೆ ಎಂದು ನನ್ನ ಗಂಡ ತಿಳಿದರು. ಅದಕ್ಕೆ ಅಂಗಡಿಯ ಹಲಗೆಗಳನ್ನು ಮುಚ್ಚಿ, ಕೆಳಗಿನ ಒಂದನ್ನು ಮಾತ್ರ ತೆಗೆದರು. ಆ ಸಂದಿನಿಂದ ಹಣ್ಣು ಹೊರಗೆ ಕಟ್ಟೆಯ ಮೇಲೆ ಇಡುವುದು. ಹೊರಗೆ ಒಂದು ಗಡಿಗೆ, ಅದರಲ್ಲಿ ಉಪ್ಪುನೀರು, ಬೇವಿನ ಸೊಪ್ಪು. ಗಿರಾಕಿ ದುಡ್ಡನ್ನು ಅದರಲ್ಲಿ ಹಾಕಬೇಕು. ಮಾತಿಲ್ಲ. ಒಳಗಿನಿಂದ ಹಲಗೆಗೆ ಒಂದು ಏಟು ಬಿದ್ದರೆ ತೆಗೆದುಕೋ ಎಂದು. ಎರಡು ಬಿದ್ದರೆ ನಾಳೆ ಬಾ ಎಂದು. ಬಡಿಯುವುದಕ್ಕೆ ನನ್ನ ಲಟ್ಟಣಿಗೆ ಇಟ್ಟುಕೊಂಡರು. ಹೋಳಿಗೆ ಲಟ್ಟಿಸುವ ಹಬ್ಬ ಯಾವುದೂ ಇರಲಿಲ್ಲ.

ನಮ್ಮ ಸಾಲಿನ ಮಳಿಗೆಗಳ ಒಡೆಯ ಹೈದರಾಬಾದಿನಲ್ಲಿ ಇದ್ದ. ಅವನ ಪರವಾಗಿ ಮುನ್ಷಿ ಇಮಾಮುದ್ದೀನ್ ಬಂದು, ದೂರ ನಿಂತು, ಎಲ್ಲರಿಗೂ ಒಂದು ಮಾತು ಹೇಳಿ ಹೋಗಿದ್ದ. ಅಂಗಡಿಯವನು ಜ್ವರದಿಂದ ಸತ್ತರೆ ಅಂಗಡಿಗೆ ಬೀಗ. ಸುಣ್ಣ ಬಳಿದು ಬೇರೆಯವರಿಗೆ ಕೊಡುವುದು. ಉಳಿದ ಹೆಂಗಸರು ತವರಿಗೆ ಹೋಗಬೇಕು. ನನಗೆ ತವರು ಎಂಬುದು ಇರಲಿಲ್ಲ. ಇದ್ದ ಒಬ್ಬ ಅಣ್ಣನೂ ಪ್ಲೇಗಿನ ವರ್ಷ ಹೋಗಿದ್ದ.

ಹಣ್ಣು ತೀರಿದವು. ಗೊನೆ ತರಲು ಕಮಲಾಪುರಕ್ಕೆ ಹೋಗಲೇಬೇಕಾಯಿತು. ಆ ಮುಂಜಾನೆಯೇ ಬಳೆ ತೆಗೆ ಎಂದದ್ದು.

"ಬಳಿ ಸಪ್ಪಳ ಕೇಳಿದ್ರ ಒಳಗ ಹೆಣ್ಣೊಂದೇ ಅದ ಅಂತ ತಿಳೀತದ. ನಾ ಬರೂತನಕ ತೆಗೆದಿಡು."

ಗಂಡ ಇದ್ದವಳು ಕೈ ಬರಿದು ಮಾಡಿಕೊಳ್ಳಬಾರದು ಎಂದೆ.

"ಗಂಡನ ಹೇಳಾಕತ್ಯಾನಲ್ಲ. ಇನ್ಯಾರ ಅಪ್ಪಣಿ ಬೇಕು ನಿನಗ?"

ಎಣ್ಣೆ ಹಚ್ಚಿ ಅವರೇ ಒಂದೊಂದಾಗಿ ತೆಗೆದರು. ಒಂದೂ ಒಡೆಯಲಿಲ್ಲ. ಹಸಿರು ಬಳೆ. ಜೋಳದ ಗುಮ್ಮಿಯಲ್ಲಿ ಮುಚ್ಚಿಟ್ಟರು. ಬಂಡಿ ಹತ್ತಿದರು. ಕೈಯಲ್ಲಿ ಎರಡು ಒಡೆದ ಹಣ್ಣು ಇದ್ದವು, ದಾರಿಗೆ.

ನಾನು ಹಲಗೆಯ ಹಿಂದೆ ಕುಳಿತೆ. ಉಳಿದಿದ್ದ ಸಣ್ಣ ಚಿಪ್ಪುಗಳನ್ನು ಸಂದಿನಿಂದ ಹೊರಗಿಟ್ಟೆ. ಹೆಜ್ಜೆ ಬರುತ್ತಿತ್ತು, ನೀರಲ್ಲಿ ದುಡ್ಡು ಮುಳುಗುವ ಸಪ್ಪಳ ಬರುತ್ತಿತ್ತು, ನಾನು ಒಂದು ಏಟು ಬಡಿಯುತ್ತಿದ್ದೆ. ಜನ ಒಳಗಿರುವುದು ಅವರೇ ಎಂದು ತಿಳಿದರು. ಕೆಲವರು ತಡೆಯಲಾರದೆ ಮಾತಾಡುತ್ತಿದ್ದರು. ಗುರುಲಿಂಗಪ್ಪ, ನಮ್ಮ ಅವ್ವ ಹೋದಳು ಎನ್ನುತ್ತಿದ್ದರು. ನಾನು ಒಂದು ಏಟು ಬಡಿಯುತ್ತಿದ್ದೆ.

ಬಂಡಿ ತಿರುಗಿ ಬಂತು. ಹೊಡೆದುಕೊಂಡು ಬಂದವನು ಕಮಲಾಪುರದ ತೋಟದ ದೌಲಪ್ಪ. ಬಂಡಿಯ ತುಂಬ ಗೊನೆ. ಹಿತ್ತಲ ಬಾಗಿಲಿಗೆ ಬಂದು ನಿಂತ, ನನ್ನ ಬರಿಗೈ ನೋಡಿದ. ಸುದ್ದಿ ಮೊದಲೇ ತಲುಪಿದೆ ಎಂದು ಅವನು ತಿಳಿದ.

"ತಾಯಿ, ನಿಮಗ ಯಾರು ಹೇಳಿದ್ರು?"

ಅವನು ಹಾಗೆ ಕೇಳಿದ್ದರಿಂದಲೇ ನನಗೆ ತಿಳಿಯಿತು.

ಗೊನೆ ಕಡಿಯುತ್ತಲೇ ಮೈ ಕಾದಿತ್ತಂತೆ. ಕಡೆಯ ಗೊನೆ ಇಳಿಸಿ ಬಾವಿಯ ಕಟ್ಟೆಗೆ ಒರಗಿದರಂತೆ. ಮರುದಿನ ಹಣೆಗೆ ವಿಭೂತಿ ಹಚ್ಚಿ, ತೋಟದ ಬದುವಿನಲ್ಲಿ ಕೂಡ್ರಿಸಿ ಮಣ್ಣು ಕೊಟ್ಟರಂತೆ. ದೌಲಪ್ಪ ಒಂದೇ ಮಾತು ಎರಡು ಸಲ ಹೇಳಿದ, ಗೊನೆ ಅವರೇ ಕಡಿದದ್ದು, ಅದಕ್ಕೇ ತಂದೆ ಎಂದು.

ಗಂಡ ಸತ್ತರೆ ಹೆಂಡತಿಯ ಬಳೆ ಒಡೆಯುತ್ತಾರೆ. ನನ್ನ ಕೈಯಲ್ಲಿ ಒಡೆಯಲು ಏನೂ ಇರಲಿಲ್ಲ. ಅಳಬೇಕೆಂದರೆ ದನಿ ಬೇಕು. ಹಲಗೆಯ ಹಿಂದೆ ದನಿ ಮಾಡುವ ಹಾಗಿರಲಿಲ್ಲ. ಹೊರಗೆ ಯಾರೋ ಗಡಿಗೆಗೆ ದುಡ್ಡು ಹಾಕಿ ಕಾಯುತ್ತಿದ್ದರು. ನಾನು ಹೋಗಿ ಎರಡು ಏಟು ಬಡಿದೆ.

ಸುದ್ದಿ ಊರಿಗೆ ಗೊತ್ತಾದರೆ ಬೀಗ. ದೌಲಪ್ಪನಿಗೆ ಅಷ್ಟೇ ಹೇಳಿದೆ. ಅವನು ತಲೆಯಾಡಿಸಿ ಗೊನೆ ಇಳಿಸಿದ. ಜ್ವರ ಹೋಗುವತನಕ ಗೊನೆ ಕಳಿಸುತ್ತೇನೆ ಎಂದ.

ಹುಲ್ಲು, ಕುಳ್ಳು ಹೊತ್ತಿಸಿದೆ. ಹೊಗೆ ಊದಿದೆ. ಬಾಗಿಲಿಗೆ ಮಣ್ಣು ಮೆತ್ತಿದೆ. ಎಷ್ಟು ದಿನ ಬಿಡಬೇಕೆಂದು ನನಗೆ ಗೊತ್ತಿರಲಿಲ್ಲ, ಅವರು ದಿನ ಎಣಿಸಿದವರಲ್ಲ. ಬಾಗಿಲಿಗೆ ಕಿವಿ ಇಟ್ಟೆ.

ಕೇಳಿತು.

ಮೂಗಿನಿಂದ ಎಳೆದು ಬಾಯಿಂದ ಬಿಡುವ ಉಸಿರು. ನಡುವೆ ತುಸು ತಡೆ. ಬಳೆ ಸಪ್ಪಳವಿಲ್ಲದ್ದಕ್ಕೆ ಕೇಳುತ್ತಿದೆ ಎಂದುಕೊಂಡೆ. ಕಾಯಿ ಬಿಸಿ ಬಿಡುತ್ತದೆ, ಮಣ್ಣು ಒಣಗಿ ಬಿರಿಯುತ್ತದೆ, ಅದು ಹೌದು. ಆದರೆ ಅವರ ಹಾಸಿಗೆಯ ಪಕ್ಕ ನಾನು ವರ್ಷಾನುಗಟ್ಟಲೆ ಮಲಗಿದವಳು. ಉಸಿರು ನಿಧಾನವಾದ ಮುಂಜಾನೆ ಮಣ್ಣು ಒಡೆದೆ. ಹಣ್ಣು ಸರಿಯಾಗಿ ಮಾಗಿತ್ತು. ಕೋಣೆಯಲ್ಲಿ ಹೊಗೆಯ ವಾಸನೆಯ ಕೆಳಗೆ ಅತ್ತರಿನ ವಾಸನೆ ಇತ್ತು. ಮಕ್ಬೂಲನ ಅಂಗಡಿ ಆಗ ಮುಚ್ಚಿಯೇ ಇತ್ತು.

ಆ ದಿನಗಳಲ್ಲಿ ತಪ್ಪದೆ ಬರುತ್ತಿದ್ದವಳು ಮಸ್ತಾನಬಿ. ಹಿಂದಿನ ಗಲ್ಲಿಯ ವಿಧವೆ, ದರ್ಗಾಕ್ಕೆ ಹೂವು ಕಟ್ಟುವವಳು. ಮೊದಲು ದೊಡ್ಡ ಮಗನ ಫಾತೇಹಾಕ್ಕೆ ಹಣ್ಣು ಒಯ್ದಳು. ಆಮೇಲೆ ಸೊಸೆಯದು. ಆಮೇಲೆ ಸಣ್ಣ ಮಗನದು. ಕಡೆಗೆ ಮೊಮ್ಮಗಳದು. ಒಂದೊಂದು ಸಲವೂ ಹಲಗೆಗೆ ಬಾಯಿ ಹಚ್ಚಿ, ಇದು ಇಂಥವರಿಗೆ ಎಂದು ಹೇಳುತ್ತಿದ್ದಳು. ನಾನು ಬಡಿಯುತ್ತಿದ್ದೆ. ಹೇಳಲು ಮನೆಯಲ್ಲಿ ಯಾರೂ ಉಳಿಯದ ಮೇಲೂ ಬರುತ್ತಿದ್ದಳು. ಹಲಗೆಯ ಆಚೆ ಬಹಳ ಹೊತ್ತು ಕುಳಿತಿರುತ್ತಿದ್ದಳು. ಹಾಂ ಭಾಯಿ, ಖರೆ ಭಾಯಿ ಎಂದು ಯಾರಿಗೋ ಉತ್ತರ ಕೊಟ್ಟ ಹಾಗೆ ಅನ್ನುತ್ತಿದ್ದಳು. ನಾನು ಒಳಗೆ ಬಾಯಿ ಮುಚ್ಚಿಕೊಂಡು ಕುಳಿತಿರುತ್ತಿದ್ದೆ.

ಎಳ್ಳಮಾಸಿ ಹಬ್ಬಕ್ಕೆ ಮುಂಚೆ ಸರಕಾರದ ಡಂಗುರ ಬಂತು. ಜ್ವರ ಹೋಯಿತು, ಬಜಾರ ತೆರೆಯಿರಿ ಎಂದು.

ತೆರೆದ ಮೊದಲ ದಿನ ಅಂಥ ವ್ಯಾಪಾರ ನಾನು ದರ್ಗಾದ ಉರುಸಿನ ಜಾತ್ರೆಯಲ್ಲೂ ಕಂಡಿರಲಿಲ್ಲ. ಒಂದು ಕಾಸಿಗೆ ಜಗಳಾಡುತ್ತಿದ್ದ ಜನ ಬೆಲೆಯನ್ನೇ ಕೇಳಲಿಲ್ಲ. ಬಳೆಗಾರನ ಮುಂದೆ ಸಾಲು. ಮಿಠಾಯಿ ಬಿಸಿ ಇರುವಾಗಲೇ ಖಾಲಿ. ಮಕ್ಬೂಲನ ಸೀಸೆಗಳು ತಳ ಕಂಡವು. ನಾನು ಹಲಗೆಯ ಸಂದಿನಿಂದ ನೋಡುತ್ತಿದ್ದೆ. ನೋಡುತ್ತ ನನಗೆ ಒಂದು ತಿಳಿಯಿತು. ಬಳೆಗಾರನ ಮುಂದೆ ಕುಳಿತ ಹೆಂಗಸು ತನ್ನ ಕೈಗೆ ತೊಡಿಸಿಕೊಂಡು, ಇನ್ನೊಂದು ಅಳತೆಯದೂ ಕೊಡು ಎನ್ನುತ್ತಿದ್ದಳು, ಅವಳ ಮಗಳು ಹೋಗಿದ್ದಳು. ದರ್ಜಿಗೆ ಒಬ್ಬ ಹಳೆಯ ಅಂಗಿಯೊಂದನ್ನು ಕೊಟ್ಟು, ಇದೇ ಅಳತೆಗೆ ಹೊಲಿ ಎನ್ನುತ್ತಿದ್ದ, ಅದು ಅವನ ಅಳತೆ ಅಲ್ಲ. ಬಜಾರಿನಲ್ಲಿ ನಿಂತ ಜನಕ್ಕಿಂತ ಕೊಂಡ ಸಾಮಾನು ಹೆಚ್ಚಾಗಿತ್ತು. ಹೋದವರಿಗೂ ಸೇರಿಸಿ ಎಲ್ಲರೂ ಕೊಳ್ಳುತ್ತಿದ್ದರು. ಅಂಗಡಿಯವರಿಗೆ ಗೊತ್ತಿತ್ತು. ಯಾರೂ ಬೇಡ ಎನ್ನಲಿಲ್ಲ.

ನಮ್ಮ ಅಂಗಡಿ ಒಂದೇ ಮುಚ್ಚಿತ್ತು. ಮುನ್ಷಿ ಇಮಾಮುದ್ದೀನ್ ಬಂದು ಕೋಲಿನಿಂದ ಹಲಗೆ ತಟ್ಟಿದ. ನಾನು ತೆರೆದೆ. ಅವನ ಕೈಯಲ್ಲಿ ಬೀಗ ಇತ್ತು. ನನ್ನ ಕೈ ನೋಡಿದ.

ಗುರುಲಿಂಗಪ್ಪ ಎಲ್ಲಿ ಎಂದು ಕೇಳಿದ.

"ಕಮಲಾಪುರಕ್ಕ ಹೋಗ್ಯಾರ್ರಿ."

"ಯಾವಾಗ ಬರ್ತಾನ?"

ನಾನು ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅಷ್ಟರಲ್ಲಿ ಮಸ್ತಾನಬಿ ಮುಂದೆ ಬಂದಳು. ಅವಳ ಸೆರಗಿನಲ್ಲಿ ಮಿಠಾಯಿ, ಹುಡುಗಿಯರ ರಿಬ್ಬನ್ನು.

"ಏನ್ ಕೇಳ್ತೀರಿ ಮುನ್ಷಿಜಿ. ನಿನ್ನಿ ಮುಂಜಾನಿ ನನ್ನ ಕೂಡ ಮಾತಾಡ್ಯಾನ. ಇನ್ನೊಂದು ಹಣ್ಣು ಒಯ್ಯಿ, ಸಣ್ಣಾಕಿಗೆ ಸಾಲೂದಿಲ್ಲ ಅಂದಾನ."

ಸಣ್ಣಾಕಿ ಎಂದರೆ ಮೊಮ್ಮಗಳು. ಆ ಹುಡುಗಿ ಇದ್ದಾಗ ನನ್ನ ಗಂಡ ಒಂದು ಹಣ್ಣು ಹೆಚ್ಚಿಗೆ ಕೊಟ್ಟು ಅದೇ ಮಾತು ಹೇಳುತ್ತಿದ್ದರು.

ಮಕ್ಬೂಲ ತನ್ನ ಅಂಗಡಿಯಿಂದ ಇಳಿದು ಬಂದ. ಆವತ್ತು ಶುಕ್ರವಾರ. ಕೈಯಲ್ಲಿ ಅತ್ತರಿನ ಹತ್ತಿ ಇತ್ತು.

"ದಿನಾ ಮುಂಜಾನಿ ಕೆಮ್ಮತಾನ್ರಿ. ನಮ್ಮ ಇಬ್ಬರದೂ ಗ್ವಾಡಿ ಒಂದೇ. ಕಿವುಡ ಅಂತ ತಿಳಿದೀರೇನು ನನಗ?"

ಮುನ್ಷಿ ಇವರಿಬ್ಬರನ್ನೂ ನೋಡಿದ. ಹುಚ್ಚರ ಮುಂದೆ ನಿಂತಿದ್ದೇನೋ, ಸುಳ್ಳರ ಮುಂದೆ ನಿಂತಿದ್ದೇನೋ ಎಂಬ ಹಾಗೆ. ನೇರ ಒಳಗೆ ಬಂದ. ಹಾಸಿಗೆ ನೋಡಿದ, ಒಬ್ಬರದೇ ಹಾಸಿತ್ತು. ಮಣ್ಣು ಮೆತ್ತಿದ ಬಾಗಿಲಿನ ಮುಂದೆ ನಿಂತ.

"ಇದರಾಗ ಯಾರು?"

"ಕಾಯಿ ಅದಾವ್ರಿ."

ಬಗ್ಗಿ ಬಾಗಿಲಿಗೆ ಕಿವಿ ಇಟ್ಟ. ಬಹಳ ಹೊತ್ತು ಇಟ್ಟ. ಎದ್ದಾಗ ಮುಖ ಸುಣ್ಣ. ಅವನ ತಮ್ಮನೂ ಅದೇ ಜ್ವರದಲ್ಲಿ ಹೋಗಿದ್ದ ಎಂದು ಆಮೇಲೆ ಕೇಳಿದೆ. ಅವನಿಗೆ ಯಾರ ಉಸಿರು ಕೇಳಿತೋ ನಾನು ಕೇಳಲಿಲ್ಲ.

ಬೀಗವನ್ನು ಜೇಬಿಗೆ ಹಾಕಿಕೊಂಡ. ಅಂಗಡಿ ಗುರುಲಿಂಗಪ್ಪನ ಹೆಸರಲ್ಲೇ ಇರಲಿ ಎಂದ. ಹೊರಗಿನ ಮೆಟ್ಟಿಲಿಗೆ ಹೋಗಿ, ತಿರುಗದೆ ಹೇಳಿದ.

"ದಿನಾ ಮುಂಜಾನಿ ಆ ಹಲಗಿ ಬಡಿಯೋ ಸಪ್ಪಳ ಕೇಳಬೇಕು. ಅದು ಕೇಳ್ತಿರೂತನಕ ನಾ ಒಳಗ ಬರಂಗಿಲ್ಲ."

ಮಕ್ಬೂಲ ಹತ್ತಿಯನ್ನು ಕಟ್ಟೆಯ ಮೇಲೆ ಇಟ್ಟು ಹೋದ. ದುಡ್ಡು ಕೇಳಲಿಲ್ಲ, ನಾನು ಗಡಿಗೆಗೆ ಹಾಕಿದೆ. ಮಸ್ತಾನಬಿ ಒಂದು ಚಿಪ್ಪು ತೆಗೆದುಕೊಂಡಳು. ಇದು ದೊಡ್ಡವನಿಗೆ, ಇದು ಸೊಸೆಗೆ ಎಂದು ಹಣ್ಣು ಮುಟ್ಟಿ ಮುಟ್ಟಿ ನೋಡಿದಳು.

ನೀವು ಅವರ ದನಿ ಖರೆ ಕೇಳಿದಿರಾ ಎಂದು ಮೆಲ್ಲಗೆ ಕೇಳಿದೆ. ಅಂಗಡಿಯಲ್ಲಿ ಗಿರಾಕಿಯ ಜೊತೆ ನಾನು ಆಡಿದ ಮೊದಲ ಮಾತುಗಳು ಅವು.

"ಇವು ಯಾರಿಗೆ ಅಂತ ನೀ ಕೇಳಿಲ್ಲ ಬೆಹೆನ್. ನಾನೂ ಕೇಳಂಗಿಲ್ಲ," ಎಂದಳು. ಎರಡು ಹೆಜ್ಜೆ ಹೋಗಿ ನಿಂತಳು. "ಕೇಳೀನಿ. ಖರೆ ಕೇಳೀನಿ."

ಈಗ ಅಂಗಡಿಯಲ್ಲಿ ನಾನೇ ಕೂಡುತ್ತೇನೆ. ಜನ ಒಗ್ಗಿದ್ದಾರೆ. ಹಲಗೆಗಳನ್ನೆಲ್ಲ ತೆಗೆದು, ಎದುರೆದುರೇ ಮಾತಾಡಿ ಮಾರುತ್ತೇನೆ. ಜ್ವರದ ಮಾತು ಯಾರೂ ಎತ್ತುವುದಿಲ್ಲ. ಬೆಲೆಗೆ ಜಗಳ ಮತ್ತೆ ಶುರುವಾಗಿದೆ. ಗಡಿಗೆ ಯಾರಿಗೂ ಬೇಕಾಗಿಲ್ಲ, ಆದರೂ ಹಳೆಯ ಗಿರಾಕಿಗಳು ದುಡ್ಡನ್ನು ನನ್ನ ಕೈಗೆ ಕೊಡುವುದಿಲ್ಲ, ಅದರಲ್ಲೇ ಹಾಕುತ್ತಾರೆ. ಬಳೆ ಗುಮ್ಮಿಯಲ್ಲೇ ಇವೆ. ಜೋಳ ತೆಗೆಯುವಾಗ ಕೈಗೆ ತಾಗುತ್ತವೆ.

ಮುಂಜಾನೆ ಎದ್ದು ಮೊದಲು ಗಡಿಗೆ ತೊಳೆಯುತ್ತೇನೆ. ನೀರು ತುಂಬಿ ಉಪ್ಪು ಹಾಕುತ್ತೇನೆ, ಬೇವಿನ ಸೊಪ್ಪು ಹಾಕುತ್ತೇನೆ, ಹೊರಗಿಟ್ಟು ಬರುತ್ತೇನೆ. ಒಂದು ಒಡೆದ ಹಣ್ಣು ಆರಿಸಿ ಅವರ ಜಾಗದಲ್ಲಿ ಇಡುತ್ತೇನೆ. ಆಮೇಲೆ ಹಲಗೆಗಳು ಮುಚ್ಚಿರುವಾಗಲೇ ಅವುಗಳ ಹಿಂದೆ ಕುಳಿತು, ಲಟ್ಟಣಿಗೆ ಎತ್ತಿ, ಒಂದು ಏಟು ಬಡಿಯುತ್ತೇನೆ.