ವಸ್ತಾದರು ಒಪ್ಪದ ಎರಡನೇ ಕ್ಯಾಮೆರಾ

ವಸ್ತಾದರ ಎರಡೂ ಕಿವಿಗಳು ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ, ಕೆಂಡದ ಮೇಲೆ ಹಿಡಿದ ಹಪ್ಪಳದ ಹಾಗೆ ಮುದುಡಿ ತಲೆಗೆ ಅಂಟಿಕೊಂಡಿದ್ದವು. ಒಳಗೆ ಕಡ್ಡಿ ಹೋಗುವಷ್ಟೂ ತೂತು ಉಳಿದಿರಲಿಲ್ಲ. ಮೊಬೈಲನ್ನು ಕಿವಿಗೆ ಹಿಡಿದರೆ ಏನೂ ಕೇಳಿಸುತ್ತಿರಲಿಲ್ಲ. ಅದನ್ನು ರೊಟ್ಟಿಯ ಹಾಗೆ ಅಂಗೈ ಮೇಲಿಟ್ಟುಕೊಂಡು ಸ್ಪೀಕರಿನಲ್ಲಿ ಮಾತಾಡುತ್ತಿದ್ದರು. ಹಾಗಾಗಿ ಅವರು ಬಸ್ಸು ಹತ್ತಿದರೆ ಅವರ ಮನೆಯ ಸುದ್ದಿಯೆಲ್ಲ ಅರ್ಧ ಬಸ್ಸಿಗೆ ಗೊತ್ತಾಗುತ್ತಿತ್ತು. ಗೊತ್ತಾದರೆ ಕೆಡುವಂಥದ್ದು ಅವರ ಹತ್ತಿರ ಏನೂ ಇರಲಿಲ್ಲ.

ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಅನ್ನುತ್ತಾರೆ. ಪಾಲಬಾವಿ ಹತ್ತಿರ ಅವರ ಹೊಲ, ಹೊಲದ ದಂಡೆಗೆ ತಗಡು ಹೊದಿಸಿದ ತಾಲೀಮು, ಅಂದರೆ ಗರಡಿಮನೆ. ಆದರೆ ರಾಯಬಾಗ, ಅಥಣಿ, ಕಾಗವಾಡದ ಕುಸ್ತಿ ಮೈದಾನಗಳಿಗೆಲ್ಲ ಅವರನ್ನು ಕರೆಯುತ್ತಿದ್ದದ್ದು ಬೇರೆ ಕೆಲಸಕ್ಕೆ, ಜೋಡಿ ಹಚ್ಚಲಿಕ್ಕೆ. ಮೈದಾನದ ದಿನ ಎಲ್ಲೆಲ್ಲಿಂದಲೋ ಪೈಲವಾನರು ಬಂದು ಸಾಲುಗಟ್ಟಿ ನಿಲ್ಲುತ್ತಾರೆ. ಯಾರಿಗೆ ಯಾರು ಜೋಡಿ ಎಂದು ಒಬ್ಬರು ಹೇಳಬೇಕು. ತಪ್ಪು ಹೇಳಿದರೆ ಒಬ್ಬನ ಪಕ್ಕೆಲುಬು ಮುರಿಯುತ್ತದೆ. ವಸ್ತಾದರು ಮುಖ ನೋಡುತ್ತಿರಲಿಲ್ಲ, ತೂಕ ಕೇಳುತ್ತಿರಲಿಲ್ಲ. ಇಬ್ಬರ ಮುಂಗೈಯನ್ನೂ ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ‘ಕೂಡ್ತೈತಿ’ ಅನ್ನುತ್ತಿದ್ದರು, ಇಲ್ಲವೆ ‘ಕೂಡಂಗಿಲ್ಲ’. ಎರಡನೇ ಮಾತು ಇರಲಿಲ್ಲ.

ಜೈನರು. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಮೈದಾನ ಎಷ್ಟೇ ರಂಗೇರಿರಲಿ, ಇಳಿಹೊತ್ತಿಗೆ ಪಂಚೆಯಲ್ಲಿ ಕಟ್ಟಿ ತಂದ ಬುತ್ತಿಯ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತೆಗೆಯುತ್ತಿದ್ದರು. ತತ್ತಿ, ಮಟನ್ ಇಲ್ಲದೆ ಎಂಥಾ ಪೈಲವಾನರನ್ನು ತಯಾರು ಮಾಡುತ್ತೀರಿ ಎಂದು ಉಳಿದ ವಸ್ತಾದರು ಕಾಡಿಸಿದರೆ, “ಕ್ವಾಣ ಯಾವ ಮಟನ್ ತಿಂದ ಅಷ್ಟ ಆಗೈತ್ಲೇ?” ಎಂದು ಕೇಳಿ ಮತ್ತೊಂದು ತುತ್ತು ಮುರಿಯುತ್ತಿದ್ದರು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ನಿಪ್ಪಾಣಿಯಲ್ಲಿ ತಂಬಾಕಿನ ವಖಾರದಲ್ಲಿ ಚೀಲ ಹೊತ್ತೆ. ಚಿಕ್ಕೋಡಿಯ ಒಂದು ಸ್ಟುಡಿಯೋದಲ್ಲಿ ನೆಲ ಗುಡಿಸುತ್ತ ಕೆಲಸ ಕಲಿತೆ. ಕಡೆಗೆ ನನ್ನದೇ ಕ್ಯಾಮೆರಾ ಕೊಂಡೆ. ಯಾರ ಮುಂದೂ ಕೈ ಒಡ್ಡಿಲ್ಲ, ಹಾಗೆ ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಮದುವೆ ಫೋಟೋ ಎಲ್ಲರೂ ತೆಗೆಯುತ್ತಾರೆ ಎಂದು ನಾನು ಕುಸ್ತಿ, ಕಬಡ್ಡಿಗೆ ಬಿದ್ದೆ. ಮೊದಲ ಮೈದಾನದಲ್ಲಿ ಕಮಿಟಿಯವರು ನನ್ನನ್ನು ಮಣ್ಣಿನ ಅಂಚಿನಿಂದ ಎಬ್ಬಿಸಿ ಮಂದಿಯ ಹಿಂದಕ್ಕೆ ನೂಕಿದರು. ವಸ್ತಾದರು, ಪರಿಚಯವೂ ಇಲ್ಲದ ನನ್ನನ್ನು ತೋಳು ಹಿಡಿದು ಮತ್ತೆ ತಂದು ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರು. ಕುಸ್ತಿಗಳು ಮುಗಿದ ಮೇಲೆ ನಾನು ತೆಗೆದದ್ದನ್ನೆಲ್ಲ ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ನೋಡಿದರು. ಎಲ್ಲವೂ ಬಿದ್ದ ಮೇಲಿನವು. ಬೀಳುವ ಗಳಿಗೆ ಒಂದರಲ್ಲೂ ಇರಲಿಲ್ಲ.

“ತಮ್ಮಾ, ನೀ ಮಾರಿ ನೋಡಾಕತ್ತಿ. ಮಾರಿ ಸುಳ್ಳ ಹೇಳ್ತೈತಿ. ಕಾಲ ನೋಡು. ಬೀಳೂದು ಮೊದಲ ಕಾಲಿಗೆ ಗೊತ್ತಾಗ್ತೈತಿ.”

ಪೇಪರಿನವರು, ಬ್ಯಾನರ್ ಮಾಡಿಸುವವರು ನನ್ನನ್ನು ಹುಡುಕಿಕೊಂಡು ಬರುವಂತಾಗಿದ್ದರೆ ಅದು ಆ ಒಂದು ಮಾತಿನಿಂದ.

ಒಂದೇ ಕ್ಯಾಮೆರಾದಲ್ಲಿ ಕುಸ್ತಿ ತೆಗೆಯುವುದು ಕಷ್ಟ. ದೂರದ್ದನ್ನು ಎಳೆಯುವ ಉದ್ದ ಲೆನ್ಸ್ ಹಾಕಿಕೊಂಡಿರುತ್ತೇವೆ. ಜೋಡಿ ಉರುಳುತ್ತ ಕಾಲಬುಡಕ್ಕೇ ಬಂದರೆ ಅದರಲ್ಲಿ ಬರೀ ಒಂದು ಬೆನ್ನು ಕಾಣುತ್ತದೆ. ಲೆನ್ಸ್ ಬದಲಿಸುತ್ತ ಕೂತರೆ ಕುಸ್ತಿ ಮುಗಿದಿರುತ್ತದೆ, ಸಾಲದ್ದಕ್ಕೆ ಕೆಂಪು ಮಣ್ಣಿನ ಧೂಳು ಒಳಗೆ ಹೊಕ್ಕು ಫೋಟೋಕ್ಕೆಲ್ಲ ಸಿಡುಬು ಬೀಳುತ್ತದೆ. ಅದಕ್ಕೆ ಎರಡನೇ ಕ್ಯಾಮೆರಾ ಬೇಕು, ಸಣ್ಣ ಲೆನ್ಸ್ ಹಾಕಿ ಇನ್ನೊಂದು ಹೆಗಲಿಗೆ ತೂಗುಹಾಕಿಕೊಂಡಿರಲು.

ಕೊಲ್ಲಾಪುರದ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎರಡು ಇದ್ದವು. ಒಂದು ನನ್ನದೇ ಕಂಪನಿ, ನನ್ನದೇ ಮಾಡೆಲ್. ರಬ್ಬರ್ ಕಿತ್ತಿತ್ತು, ಮೂಲೆಗಳಲ್ಲಿ ಬಣ್ಣ ಹೋಗಿತ್ತು. ಇನ್ನೊಂದು ಬೇರೆ ಕಂಪನಿಯದು, ದೊಡ್ಡದು, ಕೈಯಲ್ಲಿ ಹಿಡಿದರೆ ಇಟ್ಟಂಗಿಯಷ್ಟು ಭಾರ. ದೊಡ್ಡ ಪೇಪರಿನವರ ಕೊರಳಲ್ಲಿ ನಾನು ಅಂಥದ್ದನ್ನು ನೋಡಿದ್ದೆ. ಅದನ್ನೇ ಲೆನ್ಸ್ ಸಮೇತ ತಂದೆ. ಎಂಟು ದಿನದೊಳಗೆ ಬೇಕಾದರೆ ಬದಲಿಸಿಕೊಡುತ್ತೇನೆ ಎಂದಿದ್ದ ಅಂಗಡಿಯವನು.

ನಾಲ್ಕನೇ ದಿನ ಪಾಲಬಾವಿಗೆ ಹೋಗಿ ನನ್ನ ಹಳೆಯದನ್ನೂ ಹೊಸದನ್ನೂ ವಸ್ತಾದರಿಗೆ ತೋರಿಸಿದೆ, ಅಂಗಡಿಯಲ್ಲೇ ಬಿಟ್ಟು ಬಂದದ್ದರ ಬಗ್ಗೆಯೂ ಹೇಳಿದೆ. ಅವರು ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಯಾವ ಗುಂಡಿ ಯಾತಕ್ಕೆ, ಯಾವ ಗಾಲಿ ಎತ್ತ ತಿರುಗಿದರೆ ಏನಾಗುತ್ತದೆ ಎಂದು ಕೇಳಿದರು. ಹೇಳಿದೆ. ಬೆಳಕು ಏರಿಸಲು ನನ್ನ ಹಳೆಯದರಲ್ಲಿ ಗಾಲಿಯನ್ನು ಎಡಕ್ಕೆ ತಿರುವಬೇಕು, ಹೊಸದರಲ್ಲಿ ಬಲಕ್ಕೆ. ಲೆನ್ಸಿನ ಉಂಗುರವೂ ಹಾಗೆ, ಒಂದಕ್ಕೊಂದು ಉಲ್ಟಾ. ವಸ್ತಾದರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಎರಡರ ಮೇಲೂ ಬೆರಳಾಡಿಸಿದರು.

“ಕೂಡಂಗಿಲ್ಲ,” ಅಂದರು.

ನಾನು ನಕ್ಕೆ. “ವಸ್ತಾದ್ರ, ಇದು ಮಷೀನ್ರಿ. ಹೇಳಿದಂಗ ಕೇಳ್ತೈತಿ.”

“ಮಷೀನ ಕೇಳ್ತೈತಿ ತಮ್ಮಾ. ಕೈ ಕೇಳಂಗಿಲ್ಲ.” ಆಮೇಲೆ, ಆ ರಬ್ಬರ್ ಕಿತ್ತದ್ದು ನಿನ್ನದರಂಥದ್ದೇ ಇತ್ತಲ್ಲ, ಅದನ್ನು ಯಾಕೆ ಬಿಟ್ಟೆ ಎಂದು ಕೇಳಿದರು. ನೋಡಲಿಕ್ಕೆ ಚೆಂದ ಇರಲಿಲ್ಲ ಎಂದೆ. “ತಗ್ಯಾಕ ತಂದೀಯೋ, ತೋರಸಾಕ ತಂದೀಯೋ?” ಅಂದರು.

ಆ ಮಾತು ನನಗೆ ಚುಚ್ಚಿತು. ಕುಸ್ತಿಯವರಿಗೆ ಕ್ಯಾಮೆರಾ ಏನು ತಿಳಿದೀತು ಅಂದುಕೊಂಡೆ. ಎಂಟು ದಿನ ಕಳೆದವು. ಗಾಲಿಯ ದಿಕ್ಕನ್ನು ಒಳಗಿನ ಮೆನುವಿನಲ್ಲಿ ಬದಲಿಸಬಹುದಂತೆ. ಅದು ಎಲ್ಲ ಮುಗಿದ ಮೇಲೆ ಗೊತ್ತಾಯಿತು. ಆ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಮೂರು-ನಾಲ್ಕು ಮೈದಾನ ಚೆನ್ನಾಗಿಯೇ ಸಾಗಿತು. ಎರಡೂ ಹೆಗಲಿಗೆ ಎರಡು ಕ್ಯಾಮೆರಾ ಹಾಕಿಕೊಂಡು ನಡೆದರೆ ಜನ ದಾರಿ ಬಿಡುತ್ತಿದ್ದರು.

ಆ ಮೇಲಿನ ಮೈದಾನ ಅಥಣಿ ಕಡೆಯ ಒಂದು ಊರಲ್ಲಿ. ಕಡೆಯ ದೊಡ್ಡ ಕುಸ್ತಿ. ನಮ್ಮ ಕಡೆಯವನೊಬ್ಬ, ಗಡಿಯಾಚೆಯವನೊಬ್ಬ. ನಿರ್ಣಯ ಕೊಡಬೇಕಾಗಿದ್ದ ಪಂಚರು ಬಂದಿರಲಿಲ್ಲ. ವಸ್ತಾದರನ್ನು ನಿಲ್ಲಲು ಕೇಳಿದರು. ಅವರು ಒಲ್ಲೆ ಎಂದರು. ನಮ್ಮ ಕಡೆಯ ಪೈಲವಾನನ ತಂದೆ ಹಿಂದೆ ಅವರ ತಾಲೀಮಿನಲ್ಲಿ ಆಡಿದವನು. ಶಿಷ್ಯರ ಕುಸ್ತಿಗೆ ಅವರು ಯಾವತ್ತೂ ಪಂಚರಾಗುತ್ತಿರಲಿಲ್ಲ. ಎರಡೂ ಕಡೆಯವರು ಒತ್ತಾಯ ಮಾಡಿದರು. ನಿಂತರು.

ಇಪ್ಪತ್ತು ನಿಮಿಷ ಹಿಡಿದ ಹಿಡಿತ ಬಿಡದ ಕುಸ್ತಿ. ಆಮೇಲೆ ಇಬ್ಬರೂ ಉರುಳಿ ಉರುಳಿ ನನ್ನ ಕಾಲಬುಡಕ್ಕೇ, ಪೆಂಡಾಲಿನ ನೆರಳಿಗೆ ಬಂದರು. ಮಂದಿಯೆಲ್ಲ ಅವರ ಬೆನ್ನ ಕಡೆ. ಕೆಳಗಿದ್ದ ಗಡಿಯಾಚೆಯವನ ಭುಜ ಕಾಣುತ್ತಿದ್ದದ್ದು ನನಗೆ ಮತ್ತು ಮಣ್ಣಿಗೆ ಕೆನ್ನೆ ಹಚ್ಚಿ ಮಲಗಿ ನೋಡುತ್ತಿದ್ದ ವಸ್ತಾದರಿಗೆ, ಇಬ್ಬರಿಗೇ. ಎರಡನೇ ಕ್ಯಾಮೆರಾ ಎತ್ತಿದೆ. ನೆರಳು, ಬೆಳಕು ಸಾಲದು. ಹೆಬ್ಬೆರಳು ತನ್ನಷ್ಟಕ್ಕೆ ಗಾಲಿಯನ್ನು ಎಡಕ್ಕೆ ತಿರುವಿತು. ಹೊಡೆದೆ. ಪರದೆ ಕಪ್ಪು. ಇನ್ನೂ ಬೆಳಕು ಬೇಕು ಎಂದು ಇನ್ನೂ ಎಡಕ್ಕೆ ತಿರುವಿ ಟರ್ರ್ ಎಂದು ಒಂದೇ ಸಮನೆ ಹೊಡೆದೆ. ಮತ್ತೆ ಕಪ್ಪು. ಏನಾಯಿತು ಎಂದು ತಲೆ ಬಗ್ಗಿಸಿ ಗಾಲಿಯನ್ನು ನೋಡಿದೆ. ಅಷ್ಟರಲ್ಲಿ ಅಂಗೈ ಮಣ್ಣಿಗೆ ಬಡಿದ ಸಪ್ಪಳ ಕೇಳಿಸಿತು. ತಲೆ ಎತ್ತಿದಾಗ ವಸ್ತಾದರ ಕೈ ನೆಲದ ಮೇಲಿತ್ತು. ಚಿತ್ ಆಗಿದೆ, ಭುಜ ಮಣ್ಣಿಗೆ ಮುಟ್ಟಿದೆ, ನಮ್ಮ ಕಡೆಯವನು ಗೆದ್ದ, ಎಂದು ಅದರ ಅರ್ಥ.

ಗಡಿಯಾಚೆಯವರು ಮೈದಾನಕ್ಕೆ ನುಗ್ಗಿದರು. ಭುಜ ಮುಟ್ಟಿಲ್ಲ, ಹಳೇ ಶಿಷ್ಯನ ಮಗ ಎಂದು ಕೊಟ್ಟರು ಎಂದರು. ಮೊಬೈಲಿನಲ್ಲಿ ತೆಗೆದವರು ಬಹಳ ಮಂದಿ; ಎಲ್ಲದರಲ್ಲೂ ಬೆನ್ನು, ಮತ್ತು ನೆಲ ಬಡಿಯುವ ವಸ್ತಾದರ ಕೈ. ಆಗ ಯಾರೋ ನನ್ನತ್ತ ಬೆರಳು ಮಾಡಿದರು. ಕನ್ನಡದಲ್ಲಿ, ಮರಾಠಿಯಲ್ಲಿ ಎಲ್ಲರೂ ಫೋಟೋ ತೋರಿಸು ಎನ್ನತೊಡಗಿದರು. ವಸ್ತಾದರು ಮೈಮೇಲಿನ ಮಣ್ಣು ಝಾಡಿಸುತ್ತ ನನ್ನ ಹತ್ತಿರ ಬಂದರು. ಅವರ ಮುಖದಲ್ಲಿ ಸ್ವಲ್ಪವೂ ಅಂಜಿಕೆ ಇರಲಿಲ್ಲ.

“ತೋರಸು ತಮ್ಮಾ. ಇದ್ದದ್ದು ತೋರಸು.”

ನನ್ನ ಹತ್ತಿರ ಹನ್ನೊಂದು ಫೋಟೋ ಇದ್ದವು. ಹನ್ನೊಂದೂ ಡಾಂಬರಿನಷ್ಟು ಕಪ್ಪು. ಎರಡೆರಡು ಕ್ಯಾಮೆರಾ ತೂಗುಹಾಕಿಕೊಂಡು ಬಂದವನು ಇಷ್ಟು ದೊಡ್ಡ ಕುಸ್ತಿಯಲ್ಲಿ ಕಪ್ಪು ಹೊಡೆದಿದ್ದಾನೆ ಎಂದು ಸಾವಿರ ಮಂದಿ ನೋಡಿ ನಗುವುದು ನನ್ನ ಕಣ್ಣ ಮುಂದೆ ಬಂತು.

“ಈ ಕಡೀಗೆ ನಾ ತಗದಿಲ್ರಿ,” ಎಂದೆ.

“ಟರ್ರ್ ಅಂತ ಹೊಡದಿ, ನಾ ಕೇಳೀನಿ,” ಎಂದ ಹಿಂದೆ ನಿಂತವನೊಬ್ಬ. ಇನ್ನೊಬ್ಬ ಕ್ಯಾಮೆರಾದ ಪಟ್ಟಿಗೆ ಕೈ ಹಾಕಿದ. ನಾನು ಅದನ್ನು ಎದೆಗೆ ಒತ್ತಿಕೊಂಡು, ನನ್ನ ಕ್ಯಾಮೆರಾ ಯಾರಿಗೂ ಕೊಡುವುದಿಲ್ಲ ಎಂದೆ.

ಅಲ್ಲಿಗೆ ಎಲ್ಲರಿಗೂ ಎಲ್ಲವೂ ತಿಳಿದುಹೋಯಿತು. ಫೋಟೋ ಇದೆ, ಅದರಲ್ಲಿ ಭುಜ ಮುಟ್ಟಿಲ್ಲ, ತನ್ನ ವಸ್ತಾದನನ್ನು ಉಳಿಸಲು ಫೋಟೋದವನು ಮುಚ್ಚಿಡುತ್ತಿದ್ದಾನೆ. ವಸ್ತಾದರು ನನ್ನನ್ನೇ ನೋಡುತ್ತಿದ್ದರು. ಜೋಡಿ ಹಚ್ಚುವಾಗಲೂ ಯಾರ ಮುಖವನ್ನೂ ನೋಡದವರು ಆವತ್ತು ನನ್ನ ಮುಖವನ್ನು ನೋಡಿದರು. ನಾನು ಬೇರೆ ಕಡೆ ತಿರುಗಿದೆ. ಕಮಿಟಿಯವರು ಕುಸ್ತಿ ಬರೋಬ್ಬರಿ, ಇಬ್ಬರೂ ಸಮ ಎಂದು ಸಾರಿದರು. ಬೆಳಿಗ್ಗೆ ತಮಗೆ ಸುತ್ತಿದ್ದ ಸನ್ಮಾನದ ರುಮಾಲನ್ನು ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟು ವಸ್ತಾದರು ಬಸ್ ನಿಲ್ದಾಣದ ಕಡೆ ನಡೆದರು. ಬುತ್ತಿಯ ಗಂಟು ಬಿಚ್ಚಿರಲಿಲ್ಲ. ಹೊತ್ತು ಮುಳುಗಿಯಾಗಿತ್ತು.

ಆಮೇಲೆ ಅವರನ್ನು ಯಾರೂ ಜೋಡಿ ಹಚ್ಚಲು ಕರೆಯಲಿಲ್ಲ. ವಾಟ್ಸಾಪಿನಲ್ಲಿ ಅವರ ಕೈ ನೆಲ ಬಡಿಯುವ ವಿಡಿಯೋ ಒಂದು ತಿಂಗಳು ಓಡಾಡಿತು. ತಾಲೀಮಿಗೆ ಬರುವವರು ಒಬ್ಬೊಬ್ಬರಾಗಿ ಬಿಟ್ಟರು. ನಾನು ಆ ಹನ್ನೊಂದು ಫೋಟೋಗಳನ್ನು ಒಬ್ಬ ತಿಳಿದವನ ಕಂಪ್ಯೂಟರಿನಲ್ಲಿ ಬೆಳಗಿಸಲು ನೋಡಿದೆ. ಬೂದಿ ಚೆಲ್ಲಿದ ಹಾಗೆ ಚುಕ್ಕಿಗಳು ಬಂದವು, ಬೇರೆ ಏನೂ ಕಾಣಲಿಲ್ಲ.

ಪಾಲಬಾವಿಗೆ ಹೋಗಲು ನನಗೆ ಐದು ತಿಂಗಳು ಹಿಡಿಯಿತು. ಒಂದು ಇಳಿಹೊತ್ತು ಹೋದೆ. ವಸ್ತಾದರು ಖಾಲಿ ತಾಲೀಮಿನಲ್ಲಿ ಮಣ್ಣು ಕೆದರಿ, ಎಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದರು. ಆಡುವವರು ಯಾರೂ ಇರಲಿಲ್ಲ. ನಾನು ಕ್ಯಾಮೆರಾ ತೆಗೆದು ಒಂದೊಂದಾಗಿ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

“ಇದರಾಗ ಏನೂ ಇಲ್ಲಲ್ಲ.”

“ಏನೂ ಇಲ್ರಿ.”

“ಏನೂ ಇಲ್ಲ ಅಂತನ ತೋರಸಬೇಕಿತ್ತು. ಮಂದಿ ನಿನಗ ಒಂದ ದಿನ ನಗತಿತ್ತು.”

ಊರೂರಿಗೆ ಹೋಗಿ ಎಲ್ಲರಿಗೂ ಈಗ ಹೇಳುತ್ತೇನೆ ಎಂದೆ. ಬೇಡ ಎಂದರು. “ಈಗ ಹೇಳಿದ್ರ, ನಾನ ಕಲಿಸಿ ಕಳಿಸೇನಿ ಅಂತಾರ.” ಮತ್ತೆ ಮಣ್ಣು ಕೆದರುತ್ತ, ಆ ಕ್ಯಾಮೆರಾ ಇನ್ನೂ ಇಟ್ಟುಕೊಂಡಿದ್ದೀಯಾ ಎಂದು ಕೇಳಿದರು. ಹೌದು ಎಂದೆ. “ಮಾರಿಬಿಡು. ನಿನ್ನ ಕೈ ಕೆಡಿಸ್ತೈತಿ.” ಹೊತ್ತು ಮುಳುಗುವ ಮೊದಲು ನನ್ನನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಉಣಿಸಿದರು. ಬೈಯಲಿಲ್ಲ, ಇನ್ನೊಂದು ರೊಟ್ಟಿ ಹಾಕಿದರು.

ಮರುವಾರವೇ ಅದನ್ನು ಮಾರಿ ನನ್ನದೇ ಮಾಡೆಲಿನ ಹಳೆಯದೊಂದನ್ನು ತಂದೆ. ಈಗ ಎರಡೂ ಕೈಗೆ ಒಂದೇ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಣ್ಣು ಕೆದರಲು ತಾಲೀಮಿಗೆ ಹೋದ ವಸ್ತಾದರು ತಿರುಗಿ ಬರಲಿಲ್ಲ. ಸೊಸೆ ಹೋಗಿ ನೋಡಿದಾಗ ಮಣ್ಣಿನ ಮೇಲೆ ಒರಗಿದ್ದರಂತೆ. ಅಂತ್ಯಕ್ರಿಯೆಗೆ ಬಂದವರಲ್ಲಿ ಪೈಲವಾನರು ನಾಲ್ಕೇ ಮಂದಿ.

ಇನ್ನು ತಡೆಯುವವರಿಲ್ಲ ಎಂದು ಮುಂದಿನ ಹಂಗಾಮಿನಲ್ಲಿ, ಕಾಗವಾಡ ಕಡೆಯ ಮೈದಾನದಲ್ಲಿ, ನಾನು ಮೈಕಿನ ಹತ್ತಿರ ಹೋದೆ. ಸಾರುವವನು ಮೈಕಿಗೆ ಅಂಗೈ ಮುಚ್ಚಿ, ಯಾವ ಜೋಡಿಗೆ ಇನಾಮು ಎಂದು ಕೇಳಿದ. ಇನಾಮಲ್ಲ, ವಸ್ತಾದರ ಬಗ್ಗೆ ಎರಡು ಮಾತು ಎಂದೆ. ಕೊಟ್ಟ. ಆವತ್ತು ನನ್ನ ಕೈ ತಪ್ಪಿತ್ತು, ಫೋಟೋ ಬರೀ ಕಪ್ಪಾಗಿದ್ದವು, ನಾಚಿಕೆಗೆ ನಾನು ಸುಳ್ಳು ಹೇಳಿದೆ, ವಸ್ತಾದರದು ಏನೂ ತಪ್ಪಿಲ್ಲ ಎಂದೆ. ಅಷ್ಟರಲ್ಲಿ ಮುಂದಿನ ಜೋಡಿ ಮೈದಾನಕ್ಕಿಳಿಯಿತು, ಹಲಗೆಯ ಬಡಿತ ಶುರುವಾಯಿತು. ಶ್ರದ್ಧಾಂಜಲಿ ಇರಬೇಕೆಂದು ನಾಲ್ಕು ಜನ ಚಪ್ಪಾಳೆ ತಟ್ಟಿದರು. ಸಾರುವವನು ಮೈಕ್ ಇಸಿದುಕೊಂಡ.

ಕೆಳಗಿಳಿದು ಅಂಚಿನಲ್ಲಿ ಕೂತೆ. ಪಕ್ಕದಲ್ಲಿದ್ದ ಮುದುಕರೊಬ್ಬರು, ಕೇಳಿಸಿಕೊಂಡವರು ಬಹುಶಃ ಅವರೊಬ್ಬರೇ, ನನ್ನ ಕಡೆ ಬಾಗಿದರು.

“ದೊಡ್ಡ ಮನುಷ್ಯಾರ, ಹೋಗ್ಯಾರ. ಇನ್ನ ಮುಚ್ಚಿಡೂದು ಏನೈತಿ? ಖರೆ ಹೇಳ್ರಿ, ಆ ಫೋಟೋದಾಗ ಭುಜ ಮುಟ್ಟಿತ್ತೋ ಇಲ್ಲೋ?”