ಬೆಲ್ಲ ಕುಡಿದ ಹಲಗೆಯ ಬೆಂಚು

ಜೂನ್ ೧೪, ಶನಿವಾರ, ಬೆಳಗ್ಗೆ ಆರೂ ಮುಕ್ಕಾಲು. ನನ್ನ ನೋಟ್‌ಬುಕ್ಕಿನಲ್ಲಿ ಬೆಂಚಿನ ಲೆಕ್ಕ ಶುರುವಾಗುವುದು ಇಲ್ಲಿಂದ. ಆ ಹೊತ್ತಿಗೆ ಭಾರತೀನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಇದ್ದದ್ದು ಒಂದು ಸ್ಕೂಟರು, ಹನ್ನೊಂದು ಖಾಲಿ ಗೋಣಿಚೀಲ, ಹನ್ನೆರಡನೆಯ ಚೀಲದೊಳಗೆ ಅಪ್ಪನ ವೈಸು. ಕಾರು ಇರಲಿಲ್ಲ. ಶೆಡ್ಡು ಕಟ್ಟಿದ ಮೇಲೆ ಬರಬೇಕಿತ್ತು, ಬರಲಿಲ್ಲ.

ವೈಸು ಅಂದರೆ ಕಬ್ಬಿಣವನ್ನು ಎರಡು ದವಡೆಯಲ್ಲಿ ಕಚ್ಚಿ ಹಿಡಿಯುವ ಸಾಧನ. ಅಪ್ಪ ಬ್ಲಫ್ ಅನ್ನುವ ಊರಿನ ಜಲವಿದ್ಯುತ್ ಪವರ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದ. ಈ ವೈಸನ್ನು ಸ್ವಂತಕ್ಕೆಂದು ಕೊಂಡು ಕ್ವಾರ್ಟರ್ಸಿನ ಹಿತ್ತಲಲ್ಲಿ ಇಟ್ಟುಕೊಂಡಿದ್ದ. ಊರಿನವರ ಕುಡುಗೋಲು, ಬಾಗಿಲ ಚಿಲಕ, ಸೈಕಲ್ ಪೆಡಲು ಎಲ್ಲ ಅದರ ಬಾಯಿಗೆ ಬರುತ್ತಿದ್ದವು. ನಿವೃತ್ತನಾಗಿ ಎರಡು ವರ್ಷ. ಎಡಮಂಡಿ ಮಡಚುವುದಿಲ್ಲ, ನೆಲದಲ್ಲಿ ಕೂತು ಕೆಲಸ ಮಾಡಲಾರ. ಬೆಳಗ್ಗೆ ಬಸ್‌ಸ್ಟ್ಯಾಂಡಿನ ತನಕ ಹೋಗುತ್ತಾನೆ, ಬರುತ್ತಾನೆ, ಜಗಲಿ ಮೇಲೆ ಕೂರುತ್ತಾನೆ.

ಹಿಂದಿನ ದಿನ ಊಟದ ಹೊತ್ತಿಗೆ ಅಪ್ಪ ಅಂದಿದ್ದ: "ಮಳವಳ್ಳಿ ವೆಲ್ಡಿಂಗ್ ಅಂಗ್ಡಿಯವ್ನು ವೈಸು ಕೇಳ್ತಾವ್ನೆ. ಆಯುಧಪೂಜೆ ಆಗ್ತಿದ್ದಂಗೆ ಕೊಟ್ಬುಡ್ತೀನಿ. ಚೀಲ್ದಲ್ಲಿ ತುಕ್ಕಿಡಿಯೋಕಿಂತ ವಾಸಿ."

"ನಾನು ಬೆಂಚು ಮಾಡ್ಕೊಡ್ತೀನಿ. ನಿಂತ್ಕಂಡು ಮಾಡೋ ಅಂಗೆ."

"ಅಲ್ಲಾಡೋ ಬೆಂಚಾದ್ರೆ ಬ್ಯಾಡ ಕಣ್ಲಾ. ಬೆಂಚು ಅಲ್ಲಾಡುದ್ರೆ ಅರ ಕಚ್ಚಕ್ಕಿಲ್ಲ."

ಪರೀಕ್ಷೆಯನ್ನೂ ಅವನೇ ಹೇಳಿದ. ಬೆಂಚಿನ ಮೂಲೆಯಲ್ಲಿ ಕಂಠಮಟ್ಟ ನೀರು ತುಂಬಿದ ಲೋಟ ಇಡಬೇಕು. ವೈಸಿಗೆ ಕಬ್ಬಿಣದ ಪಟ್ಟಿ ಸಿಕ್ಕಿಸಿ, ಕಬ್ಬಿಣ ಸವೆಸುವ ಅರದಿಂದ ಹತ್ತು ಸಲ ಉಜ್ಜಬೇಕು. ನೀರು ಚೆಲ್ಲಬಾರದು. ಆಯುಧಪೂಜೆಯ ಹೊತ್ತಿಗೂ ಚೆಲ್ಲುತ್ತಿದ್ದರೆ ವೈಸು ಮಳವಳ್ಳಿಗೆ.

ಆಯುಧಪೂಜೆ ಅಕ್ಟೋಬರ್ ಒಂದಕ್ಕಿತ್ತು. ನೂರಾ ಒಂಬತ್ತು ದಿನ ಅಂತ ಬರೆದುಕೊಂಡೆ.

ಹಳೇ ಮರದಲ್ಲೇ ಮಾಡಬೇಕೆಂಬುದು ನನ್ನ ಹಟ. ಹೊಸ ಮರ ಹಸಿ ಇರುತ್ತದೆ, ಸೊಟ್ಟಗಾಗುತ್ತದೆ. ಹಳೇ ಮರ ಆಡುವಷ್ಟು ಆಡಿ ಸುಮ್ಮನಾಗಿರುತ್ತದೆ. ಈ ವಾಕ್ಯದ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ಈಗ ಆ ಪುಟ ತೆಗೆದರೆ ಮೈ ಉರಿಯುತ್ತದೆ.

ಜೂನ್ ೨೨, ಭಾನುವಾರ. ಮಳವಳ್ಳಿ ಕಡೆಯ ನನ್ನ ಸೋದರಮಾವ ತನ್ನ ಆಲೆಮನೆ ನಿಲ್ಲಿಸಿಬಿಟ್ಟಿದ್ದ. ಕೊಪ್ಪರಿಗೆಯಿಂದ ಕಾದ ಪಾಕ ಸುರಿದು ಆರಿಸುತ್ತಿದ್ದ ಮರದ ತೊಟ್ಟಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದ. ಎರಡಂಗುಲ ದಪ್ಪದ ಹೊನ್ನೆ ಹಲಗೆಗಳು, ಒಟ್ಟು ಆರು.

"ತಗಂಡೋಗ್ಲಾ. ಇಷ್ಟ್ ವರ್ಸ ಆದ್ರೂ ಒಂದ್ ಗೆದ್ಲು ಮುಟ್ಟಿಲ್ಲ," ಅಂದ ಮಾವ. ನಿಜವೇ. ಗೆದ್ದಲಿನ ವಿಷಯ ಮಾತ್ರ ಹೇಳಿದ.

ಬಸ್ಸಿನ ಮೇಲೆ ಹೇರಿಕೊಂಡು ಬಂದೆ. ಕಂಡಕ್ಟರ್ ಕೆಳಗಿನಿಂದ ನೋಡಿ, "ಮನೇನೇ ಕಿತ್ಕಂಡ್ ಹೊಂಟಿದ್ದೀಯೇನಪ್ಪ," ಅಂದ.

ಕಾಲಿಗೆ ಮದ್ದೂರಿನ ಹಳೇ ಮರದ ಅಂಗಡಿಯಿಂದ ಒಂದು ಬಾಗಿಲುವಾಡ ತಂದೆ. ಎರಡು ನಿಲುವುಗಳನ್ನು ಕೊಯ್ದರೆ ನಾಲ್ಕು ಕಾಲು. ಹೊಸಿಲನ್ನು ಕಾಲುಗಳ ನಡುವಿನ ಅಡ್ಡಪಟ್ಟಿ ಮಾಡುವ ಯೋಚನೆಯಿತ್ತು. ಅವ್ವ ಬಂದು ಹೊಸಿಲನ್ನು ಎತ್ತಿಕೊಂಡು ಒಳಗೆ ಹೋದಳು. "ಯಾರ್ ಮನೆ ಹೊಸ್ಲೋ ಏನೋ. ಅದ್ರ ಮ್ಯಾಲೆ ಸುತ್ಗೆ ಹೊಡೀತಿಯಾ?" ಅಷ್ಟೇ. ಅದು ಈಗ ತುಳಸಿಕಟ್ಟೆಯ ಪಕ್ಕ ಅರಿಶಿನ ಬಳಿಸಿಕೊಂಡು ಕೂತಿದೆ. ಅಡ್ಡಪಟ್ಟಿಗೆಂದು ನಾನು ಒಂದು ಮುರಿದ ಗಾಡಿಯ ಮರ ಹುಡುಕಲು ಮೂರು ಭಾನುವಾರ ಕಳೆದೆ.

ಜುಲೈನಲ್ಲಿ ಹಲಗೆ ತೊಳೆದು ಅಂಗಳದಲ್ಲಿ ಒಣಗಿಸಿದೆ. ಎದುರು ಮನೆಯ ಹಸು ಬಂದು ನೆಕ್ಕಿತು. "ಹಸು: ೩ ಬೆಳಗ್ಗೆ" ಎಂದು ಬರೆದಿದ್ದೇನೆ. ಮರದಲ್ಲಿ ಉಪ್ಪಿನಂಶ ಇರಬೇಕು ಅಂತ ಪಕ್ಕದಲ್ಲಿ ಟಿಪ್ಪಣಿ ಬೇರೆ. ಮರ ನಯ ಮಾಡಲು ಉಜ್ಜುಗೊರಡು ಹಾಕಿದರೆ ನಾಲ್ಕು ಎಳೆತಕ್ಕೊಮ್ಮೆ ಅಲಗಿಗೆ ಮೇಣದಂಥದ್ದು ಮೆತ್ತಿಕೊಳ್ಳುತ್ತಿತ್ತು. ಒಂದು ಹಲಗೆಗೆ ಮೂವತ್ತೇಳು ಸಲ ಅಲಗು ಒರೆಸಿದೆ. ಹಳೇ ಬಣ್ಣ ಇರಬೇಕು ಅಂದುಕೊಂಡೆ.

ಆಗಸ್ಟ್ ೩, ಮೊದಲ ಪರೀಕ್ಷೆ. ಹಲಗೆಗಳನ್ನು ಅಂಟು ಹಾಕಿ ಜೋಡಿಸಿದ್ದೆ. ಅಪ್ಪ ಅರ ಹಿಡಿದ. ಮೂರನೇ ಎಳೆತಕ್ಕೆ ಲೋಟವೇ ಉರುಳಿತು. ಅಪ್ಪ ವೈಸನ್ನು ಬಿಚ್ಚಿ ಚೀಲಕ್ಕೆ ಹಾಕಿದ. ಬಯ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಂದು ವಾರ ಮಳೆ ಹಿಡಿಯಿತು. ಶೆಡ್ಡಿನ ಮಾಡು ಎಲ್ಲೂ ಸೋರುವುದಿಲ್ಲ, ಆದರೂ ಬೆಂಚಿನ ಮೇಲ್ಭಾಗ ಒದ್ದೆ. ಕೈ ಇಟ್ಟರೆ ಬೆರಳಿನ ಗುರುತು ಉಳಿಯುತ್ತಿತ್ತು. ಆಗಸ್ಟ್ ೧೭ಕ್ಕೆ ಐದು ಕೂಡುಗಳಲ್ಲಿ ನಾಲ್ಕು ಬಿಟ್ಟುಕೊಂಡಿದ್ದವು. ಅಂಟು ಹಾಲಿನ ಕೆನೆಯಂತೆ ಎದ್ದು ಬಂತು. ಬೆಂಚಿನ ಬಲಗಾಲಿನ ಮೇಲೆ ಇರುವೆ ಸಾಲು. ನಿಮಿಷಕ್ಕೆ ಅರವತ್ತನಾಲ್ಕು.

"ಅವ್ವ, ಇಲ್ಲಿ ಪಾಯಸ ಗೀಯಸ ಚೆಲ್ಲಿದ್ದೀಯಾ?"

"ನಿನ್ ಬೆಂಚಿಗೆ ಎಡೆ ಇಡಾಕೆ ನಂಗೇನ್ ಬ್ಯಾರೆ ಕೆಲ್ಸ ಇಲ್ವಾ?"

ಕೊಯ್ದು ಉಳಿದಿದ್ದ ಹಲಗೆಯ ಒಂದು ತುಂಡನ್ನು ಮದ್ದೂರಿನ ಆಚಾರ್ರ ಹತ್ತಿರ ಒಯ್ದೆ. ವಯಸ್ಸಾದ ಬಡಗಿ. ಉಳಿಯಿಂದ ಒಂದು ಸಿಪ್ಪೆ ಎಬ್ಬಿಸಿ ನಾಲಿಗೆಗೆ ಇಟ್ಟುಕೊಂಡರು. ಇನ್ನೊಂದು ಸಿಪ್ಪೆ ಎಬ್ಬಿಸಿ ನನಗೆ ಕೊಟ್ಟರು.

"ನೆಕ್ಕು."

ನೆಕ್ಕಿದೆ. ಸಿಹಿ.

"ಪಾಕ ಉಯ್ಯೋ ತೊಟ್ಟಿದಾ?"

"ಹೂಂ. ನಮ್ಮಾವನ ಆಲೆಮನೇದು."

"ಇದು ಮರ ಅಲ್ಲ ಕಣಪ್ಪ, ಬೆಲ್ಲ. ಅದೆಷ್ಟ್ ವರ್ಸದ ಪಾಕ ಕುಡಿದದೋ. ಮಳೆ ಬಂದ್ರೆ ಬೆವರ್ತದೆ, ಬಿಸ್ಲು ಬಂದ್ರೆ ಸೆಟ್ಕತದೆ. ಇದ್ಕೆ ಯಾವ್ ಅಂಟೂ ಹಿಡಿಯಾಕಿಲ್ಲ. ಕಬ್ಬಿನ ಸೀಮೇಲಿ ಹುಟ್ಟಿ ಇಷ್ಟ್ ಗೊತ್ತಾಗ್ನಿಲ್ವಾ?"

"ಈಗೇನ್ ಮಾಡೋದು ಆಚಾರ್ರೆ?"

"ಒಲೆಗಾಕು. ಚೆನ್ನಾಗುರೀತದೆ."

ವಾಪಸ್ ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು ನೋಡಿದೆ. ಹಸು ಮೂರು ಸಲ ಹೇಳಿತ್ತು. ಉಜ್ಜುಗೊರಡು ಮೂವತ್ತೇಳು ಸಲ. ತೊಳೆದ ನೀರು ಕಂದು ಬಣ್ಣಕ್ಕಿತ್ತು ಎಂದು ನಾನೇ ಬರೆದಿದ್ದೆ. ಎಲ್ಲವನ್ನೂ ಬರೆದಿಟ್ಟು ಒಂದನ್ನೂ ಓದಿರಲಿಲ್ಲ. ಸಿಟ್ಟು ಮಾವನ ಮೇಲೆ ಬಂತು, ಆಮೇಲೆ ಎದುರು ಮನೆಯ ಹಸುವಿನ ಮೇಲೂ ಬಂತು.

ಹೊಸ ಹಲಗೆ ಹುಡುಕಲು ದಿನ ಸಾಲದು. ಬೆಂಚು ಬಿಚ್ಚಿದೆ. ಹಂಡೆಯಲ್ಲಿ ನೀರು ಕಾಯಿಸಿ ಹಲಗೆಗೆ ಸುರಿದೆ, ಐದು ಸಲ. ಮೊದಲ ಸಲ ನೀರು ಕಾಫಿಯ ಬಣ್ಣ, ಐದನೇ ಸಲ ತಿಳಿ ಟೀ ಬಣ್ಣ. ಪೂರ್ತಿ ತಿಳಿಯಾಗಲೇ ಇಲ್ಲ. ಎರಡು ಹಲಗೆ ಬಿಸಿಲಿಗೆ ದೋಣಿಯಂತೆ ಬಾಗಿದವು. ಉಳಿದ ನಾಲ್ಕನ್ನು ಅಂಟಿಲ್ಲದೆ ಬೋಲ್ಟು ಹಾಕಿ ಬಿಗಿದೆ. ಬೋಲ್ಟಿನ ಉಪಾಯ ಅಪ್ಪನದು. ಜಗಲಿಯಿಂದ ಎದ್ದು ಬರದೆ ಅಲ್ಲಿಂದಲೇ ಹೇಳಿದ. ಸೆಪ್ಟೆಂಬರ್ ೧೪ರ ಪರೀಕ್ಷೆಯಲ್ಲಿ ಅರ್ಧ ಲೋಟ ಚೆಲ್ಲಿತು. ೨೮ಕ್ಕೆ ಕಾಲು ಲೋಟ. ಬಿಸಿಲಿನ ದಿನ ಮರ ಕುಗ್ಗಿ ಬೋಲ್ಟು ಸಡಿಲ. ಮೋಡ ಕವಿದ ದಿನ ಉಬ್ಬಿ ಹಲಗೆ ಎದ್ದು ನಿಲ್ಲುತ್ತಿತ್ತು. ಬೋಲ್ಟು ಬಿಗಿಯುವ ಪಾನ ಹಿಡಿದುಕೊಂಡೇ ಹಲ್ಲುಜ್ಜುವ ಹಾಗಾಯಿತು.

ಅಕ್ಟೋಬರ್ ಒಂದರಂದು ಅಪ್ಪ ವೈಸನ್ನು ಬೆಂಚಿಗೆ ಕೂರಿಸಿ ಕುಂಕುಮ ಇಟ್ಟ, ಸೇವಂತಿಗೆ ಮುಡಿಸಿದ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಸಂಜೆಗೆ ಎಡೆಯ ಬಾಳೆಹಣ್ಣಿನ ಹತ್ತಿರ ಒಂದು ಇರುವೆಯೂ ಇರಲಿಲ್ಲ, ಎಲ್ಲ ಬೆಂಚಿನ ಕಾಲಲ್ಲಿದ್ದವು. ಅವ್ವ ನೋಡಿ ಒಳಗೆ ಹೋಗಿ ನಕ್ಕಳು. ಕೇಳಿಸಿತು.

ಮಾರನೇ ದಿನ ಬೆಳಗ್ಗೆ ಕೊನೆಯ ಪರೀಕ್ಷೆ. ನಾನು ಲೋಟ ತುಂಬಿ ಇಟ್ಟೆ. ಅಪ್ಪ ಅರ ಎಳೆದ. ಒಂದು, ಎರಡು. ಆರನೆಯದಕ್ಕೆ ನೀರು ಅಂಚು ದಾಟಿತು. ಹತ್ತಾಗುವ ಹೊತ್ತಿಗೆ ಎರಡು ಬೆರಳಿನಷ್ಟು ಚೆಲ್ಲಿ, ಹಲಗೆ ಆ ನೀರನ್ನೂ ಕುಡಿಯತೊಡಗಿತ್ತು. ನಾನು ನೋಟ್‌ಬುಕ್ ಮುಚ್ಚಿದೆ. ಆದರೆ ಅರದ ಸದ್ದು ನಿಲ್ಲಲಿಲ್ಲ. ತಲೆ ಎತ್ತಿ ನೋಡಿದರೆ ಅಪ್ಪ ಇನ್ನೂ ಉಜ್ಜುತ್ತಿದ್ದ. ಎಡಗಾಲು ಸ್ವಲ್ಪ ಹಿಂದೆ, ಬಲಗೈ ನೇರ. ಮತ್ತೆ ಎಣಿಸಿದೆ. ಹತ್ತರ ಮೇಲೆ ಇಪ್ಪತ್ತಾರು.

ಪಟ್ಟಿಯ ಅಂಚಿಗೆ ಹೆಬ್ಬೆರಳು ಸವರಿ ನೋಡಿಕೊಂಡು ಅಂದ: "ನೀರು ಚೆಲ್ತು ಕಣ್ಲಾ."

"ಗೊತ್ತು."

"ಮಳವಳ್ಳಿಯವ್ನಿಗೆ ಫೋನ್ ಮಾಡಿ ಸಂಕ್ರಾಂತಿ ಕಳೀಲಿ ಅನ್ನು. ಅಷ್ಟ್ರೊಳ್ಗೆ ಈ ಬೆಲ್ಲ ಬುಡ್ಸು. ಇಲ್ದಿದ್ರೆ ಕೊಟ್ಬುಡೋದೇಯ."

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬಿಸಿನೀರು ಐದು ಸಲ ಆಗಿದೆ, ಬೂದಿ ಎರಡು ಸಲ, ಸುಣ್ಣದ ತಿಳಿ ಒಂದು ಸಲ. ಒಲೆಗೆ ಹಾಕುವ ಸಲಹೆ ನಾಲ್ಕು ಜನರಿಂದ ಬಂದಿದೆ, ಐದನೆಯದು ಬೇಡ. ಪಾಕ ಕುಡಿದ ಹೊನ್ನೆಯಿಂದ ಬೆಲ್ಲವನ್ನು ಪೂರ್ತಿ ಹೊರಗೆಳೆಯುವ ದಾರಿಯಾಗಲಿ, ಒಳಗೇ ಮುಚ್ಚಿಬಿಡುವ ದಾರಿಯಾಗಲಿ ಬಲ್ಲವರು, ಆಲೆಮನೆಯ ಮರದಲ್ಲಿ ಏನಾದರೂ ಮಾಡಿ ಕೆಟ್ಟವರಾದರೂ ಸರಿ, ದಯವಿಟ್ಟು ಬರೆದು ತಿಳಿಸಿ. ಎಷ್ಟು ಸಲ, ಎಷ್ಟು ಹೊತ್ತು ಎಂಬುದನ್ನೂ ಬರೆಯಿರಿ. ಸಂಕ್ರಾಂತಿಗೆ ಮುಂಚೆ ಸಿಕ್ಕರೆ ಉಪಕಾರ.