ಶಾಲು ಹೊದ್ದ ವನವಾಸಿ

ನಂಜನಗೂಡಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ತಿಂಗಳಿಗೊಂದು ಹಳೆಯ ಪೌರಾಣಿಕ ನಾಟಕ ಆಡುತ್ತೇವೆ. ಟಿಕೆಟ್ಟಿಲ್ಲ, ಪರದೆಯೂ ಇಲ್ಲ. ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೆ ನನ್ನ ಜೊತೆಯವರೆಲ್ಲ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡರು, ನಾನು ಮುಖಕ್ಕೆ ಬಣ್ಣ ಹಚ್ಚಿಕೊಂಡೆ. ಹೋದ ವರ್ಷ ರಾಣಿಯ ಪಾರ್ಟು ಸಿಕ್ಕಿತು. ನಾಟಕದುದ್ದಕ್ಕೂ ಬಾಯಿ ಮುಚ್ಚಿಕೊಂಡಿರುವ ರಾಣಿ, ಕೊನೆಯ ದೃಶ್ಯದಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಆಡಿಬಿಡುತ್ತಾಳೆ. ಆ ಮಾತಿಗಾಗಿಯೇ ಒಪ್ಪಿಕೊಂಡೆ.

ಅದನ್ನು ನಮ್ಮವ್ವ ಕೇಳಬೇಕಿತ್ತು. ಸ್ಕೂಲಿನಲ್ಲಿ ನಾಟಕಕ್ಕೆ ಸೇರಿದೆನೆಂದು ಜಡೆ ಹಿಡಿದು ಮನೆಗೆ ಎಳೆತಂದವಳು ಅವಳೇ. ಈಗ ತಿ. ನರಸೀಪುರದಿಂದ ಬರಲು ಒಪ್ಪಿದ್ದೇ ದೊಡ್ಡದು. "ಕೊನೇ ಬಸ್ಗೆ ಒಂಟೋಯ್ತೀನಿ ಕಣವ್ವ. ನಮ್ ಅಸ ಬೇರೇರ್ ಕೈಗೆ ಆಲು ಕೊಡಾಕಿಲ್ಲ" ಎಂದು ಬಂದ ಕೂಡಲೇ ಹೇಳಿದಳು.

ಆರೂವರೆಯ ನಾಟಕ ಏಳೂಕಾಲಿಗೆ ಶುರುವಾಯಿತು. ಅದು ನಮ್ಮ ಕಡೆ ಸರಿಯಾದ ಸಮಯವೇ. ತಲೆ ಕೆಟ್ಟಿದ್ದು ಆಮೇಲೆ. ರಾಜನ ಪಾರ್ಟು ಗೊಬ್ಬರದಂಗಡಿ ಯಜಮಾನರದು. ಕಳಲೆಯಿಂದ ಅವರ ನೆಂಟರು ಟೆಂಪೋ ತುಂಬ ಬಂದಿದ್ದರು. ನಮ್ಮವರು ಬಣ್ಣ ಹಚ್ಚಿ ನಿಂತಾಗ ಸುಮ್ಮನೆ ಕೂತು ನೋಡುವುದು ಇಲ್ಲಿ ಮರ್ಯಾದೆಯಲ್ಲ. ಆಟದ ನಡುವೆಯೇ ಸ್ಟೇಜು ಹತ್ತಿ ಸನ್ಮಾನ ಮಾಡಬೇಕು. ರಾಜ್ಯ ಸೋತು ಕಾಡು ಸೇರಿದ ರಾಜ, "ಅಯ್ಯೋ ವಿಧಿಯೇ! ಹೊದೆಯಲು ತುಂಡು ಬಟ್ಟೆಗೂ ಗತಿಯಿಲ್ಲವೇ?" ಎಂದು ಗೋಳಾಡಿದ. ಅವರ ಷಡ್ಡಕ ಬಂದು ಜರಿ ಶಾಲು ಹೊದಿಸಿದರು. "ಹಸಿವಿನಿಂದ ಪ್ರಾಣ ಹೋಗುತ್ತಿದೆ" ಎಂದ. ಹಣ್ಣಿನ ಬುಟ್ಟಿ ಬಂತು. ಆಮೇಲೆ ಪೇಟ ತೊಡಿಸಿದರು. ಫೋಟೋ ಚೆನ್ನಾಗಿ ಬರಲಿಲ್ಲವೆಂದು ಅದೇ ಪೇಟವನ್ನು ತೆಗೆದು ಮತ್ತೆ ತೊಡಿಸಿದರು.

ಮರದ ಮರೆಯಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿ. ಅಷ್ಟರಲ್ಲಿ ಅವ್ವ ವಾಚು ಕಟ್ಟಿದ್ದ ಪಕ್ಕದವರನ್ನು ಏನೋ ಕೇಳಿ, ಚೀಲ ಎತ್ತಿಕೊಂಡು ಎದ್ದಳು. ಇತ್ತ ಷಡ್ಡಕರು ಇನ್ನೊಂದು ಹಾರ ಹಿಡಿದು ಬರುತ್ತಿದ್ದರು. ಇವರ ಮನೆ ಹಾಳಾಗ! ನಾನು ಸೀದಾ ಸ್ಟೇಜಿಗೆ ನುಗ್ಗಿದೆ.

"ಅಕ್ಕಾ, ನಿಮ್ ಸೀನ್ ಇನ್ನೂ ಬಂದಿಲ್ಲ ಕಣ್ರೀ" ಎಂದು ರಾಜ ಪಿಸುಗುಟ್ಟಿದರು.

"ಕಾಡಲ್ಲಿ ಜರಿ ಶಾಲು ಬತ್ತದಂತೆ, ನನ್ ಸೀನ್ ಬರಬಾರ್ದಾ? ಸುಮ್ನೆ ನಿಂತ್ಕೊಳ್ಳಿ!"

ಮೈಕು ಆನ್ ಆಗಿಯೇ ಇತ್ತು. ಇಡೀ ಪಾರ್ಕು ಗೊಳ್ಳೆಂದಿತು. ಸುತ್ತ ವಾಕಿಂಗ್ ಮಾಡುತ್ತಿದ್ದವರೂ ನಿಂತು ನಕ್ಕರು. ನಗು ಅಡಗುವಷ್ಟರಲ್ಲಿ ಅವ್ವ ಗೇಟಿನ ಹತ್ತಿರ ಹೋಗಿಬಿಟ್ಟಿದ್ದಳು.

ಇಷ್ಟು ವರ್ಷ ಕಾದು, ಕೊನೆಗೆ ಅವಳ ಬೆನ್ನಿಗೆ ಹೇಳುವ ಹಾಗಾಯಿತಲ್ಲ ಎಂದು ಅಳು ಬಂತು. ಆದರೂ ಶುರು ಮಾಡಿದೆ. "ಆಡಬೇಕಾದ ವಯಸ್ಸಿನಲ್ಲಿ ನನ್ನ ಬಾಯಿ ಕಟ್ಟಿದಿರಿ. ಈ ಘೋರಾರಣ್ಯದಲ್ಲಿ ನನ್ನ ಮಾತು ಕೇಳುವವರು ಒಬ್ಬರಾದರೂ ಇಲ್ಲವೇ?"

ಅವ್ವ ಗಕ್ಕನೆ ನಿಂತು ತಿರುಗಿದಳು.

"ನಾನಿವ್ನಿ ಕಣವ್ವ, ಯೋಳು!" ಎಂದು ಅಲ್ಲಿಂದಲೇ ಕೂಗಿದಳು.

ಈ ಸಲ ಯಾರೂ ನಗಲಿಲ್ಲ. ಅವಳು ಸರಸರನೆ ವಾಪಸು ಬಂದು, ಷಡ್ಡಕರ ಖಾಲಿ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಧಾನಕ್ಕೆ ಯೋಳು. ಬಸ್ಸು ಓದ್ರೆ ಓಗ್ಲಿ."